ಮಾಡೆಲ್ ರೈಲಿನ ಲೇಔಟ್ ಎಷ್ಟು ಎತ್ತರ ಇರಬೇಕು? ಮೈ ಅಳತೆಯಿಂದ ಕಾಲು ಬಿಗಿಯುವವರೆಗೆ

ಬಡಗಿಯ ಹತ್ತಿರ ‘ಟೇಬಲ್’ ಅಂದರೆ ಮುಗಿಯಿತು, ಎರಡೂವರೆ ಅಡಿ. ಊಟದ ಮೇಜು, ಓದುವ ಮೇಜು, ಕಂಪ್ಯೂಟರ್ ಮೇಜು ಎಲ್ಲವೂ ಅದೇ 75–76 ಸೆಂ.ಮೀ. ರೈಲಿನ ಲೇಔಟನ್ನೂ, ಅಂದರೆ ಪುಟ್ಟ ಹಳಿ, ಸ್ಟೇಷನ್, ಬೆಟ್ಟಗಳನ್ನು ಜೋಡಿಸುವ ವೇದಿಕೆಯನ್ನೂ, ಅದೇ ಅಳತೆಗೆ ಕಟ್ಟಿಕೊಟ್ಟು ಹೋಗುತ್ತಾರೆ. ಹಳಿ ಹಾಸಿ, ವೈರು ಎಳೆದು, ಮೊದಲ ರೈಲು ಓಡಿಸಿದ ಖುಷಿ ಇಳಿದ ಮೇಲೆ ಸೊಂಟ ಮಾತಾಡಲು ಶುರುಮಾಡುತ್ತದೆ. ಇನ್ನು ಕೆಲವರು ಅಮೆರಿಕದ ಹವ್ಯಾಸಿಗಳ 50 ಇಂಚು, 55 ಇಂಚಿನ ಲೆಕ್ಕ ಓದಿ ಎದೆಮಟ್ಟಕ್ಕೆ ಏರಿಸುತ್ತಾರೆ. ಅವರ ಪಾಡು ಬೇರೆ. ಹಿಂದಿನ ಹಳಿಯಲ್ಲಿ ಮಗುಚಿಬಿದ್ದ ವ್ಯಾಗನ್ ಎತ್ತಲು ಸ್ಟೂಲು ಹುಡುಕಬೇಕು. ಮನೆಯ ಮಕ್ಕಳಿಗೆ ಕಾಣುವುದು ಪ್ಲೈವುಡ್ಡಿನ ಅಂಚು.

ಎತ್ತರದ ವಿಷಯದಲ್ಲಿ ಕೈಗೂ ಕಣ್ಣಿಗೂ ಜಗಳ. ಕೈಗೆ ತಗ್ಗು ಬೇಕು, ಕಣ್ಣಿಗೆ ಎತ್ತರ ಬೇಕು. ನನ್ನ ಪಕ್ಷ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಗಳ ಹತ್ತು-ಹನ್ನೊಂದು ಅಡಿಯ ಕೋಣೆಯಲ್ಲಿ ಎತ್ತರವನ್ನು ಕೈ ನಿರ್ಧರಿಸಲಿ, ಕಣ್ಣಿಗೆ ಬೇಕಾದ ನೋಟವನ್ನು ಕುರ್ಚಿ ಕೊಡಲಿ. ಇದು ಹೇಗೆ ಸಾಧ್ಯ, ಯಾವಾಗ ಸಾಧ್ಯವಿಲ್ಲ ಅನ್ನುವುದನ್ನು ಅಳತೆ ಸಮೇತ ನೋಡೋಣ. ಲೆಕ್ಕಗಳನ್ನೆಲ್ಲ ಎಚ್‌ಒ ಸ್ಕೇಲಿಗೆ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲಿನ (1:87) ಅಳತೆಗೆ ಮಾಡಿದ್ದೇನೆ. ಅದಕ್ಕಿಂತ ಚಿಕ್ಕದಾದ ಎನ್ ಸ್ಕೇಲಿನವರಿಗೆ (1:160) ಎಲ್ಲಿ ವ್ಯತ್ಯಾಸವಾಗುತ್ತದೋ ಅಲ್ಲಿ ಹೇಳುತ್ತೇನೆ.

ಹೆಜ್ಜೆ 1: ಮೈ ಅಳತೆ ತೆಗೆಯಿರಿ

ಗೋಡೆಗೆ ಬೆನ್ನು ತಾಗಿಸಿ ಬರಿಗಾಲಲ್ಲಿ ನಿಲ್ಲಿ. ಮನೆಯವರ ಕೈಗೆ ಪೆನ್ಸಿಲ್ ಕೊಟ್ಟು ಮೂರು ಗುರುತು ಹಾಕಿಸಿ: ಕೈಯನ್ನು ಸಮಕೋನಕ್ಕೆ ಮಡಿಸಿದಾಗ ಮೊಣಕೈಯ ಕೆಳತುದಿ, ಹೆಗಲು, ಕಣ್ಣು. ಆಮೇಲೆ ಲೇಔಟಿನ ಮುಂದೆ ನೀವು ನಿಜವಾಗಿ ಬಳಸುವ ಕುರ್ಚಿಯಲ್ಲಿ ಕುಳಿತು ನಾಲ್ಕನೆಯ ಗುರುತು, ಕೂತಾಗಿನ ಕಣ್ಣಿನ ಮಟ್ಟ. ಬೆನ್ನು ನೆಟ್ಟಗೆ ಮಾಡಿ ಪಟ ತೆಗೆಸಿಕೊಳ್ಳುವವರ ಹಾಗೆ ಕೂರಬೇಡಿ. ಅರ್ಧ ಗಂಟೆ ರೈಲು ನೋಡುತ್ತಾ ಕೂತವರು ಹೇಗೆ ಜಾರಿರುತ್ತಾರೋ ಹಾಗೆ ಕೂತು ಅಳೆಸಿ, ನಾಲ್ಕೈದು ಸೆಂ.ಮೀ. ಅಲ್ಲೇ ಕಡಿಮೆಯಾಗುತ್ತದೆ.

ಅಳತೆ ಸರಿಯಿದೆಯೇ ಎಂದು ತಾಳೆ ನೋಡಲು ಒಂದು ಅಂದಾಜು ಇದೆ. ಸಾಮಾನ್ಯವಾಗಿ ಮೊಣಕೈ ಆಳೆತ್ತರದ ಶೇ. 63ರಷ್ಟರಲ್ಲಿ, ಹೆಗಲು ಶೇ. 82ರಷ್ಟರಲ್ಲಿ, ಕಣ್ಣು ಶೇ. 93–94ರಷ್ಟರಲ್ಲಿ ಬರುತ್ತದೆ. 170 ಸೆಂ.ಮೀ. ಎತ್ತರದವರಿಗೆ ಮೊಣಕೈ ಸುಮಾರು 107, ಹೆಗಲು 139, ಕಣ್ಣು 159. 155 ಸೆಂ.ಮೀ. ಇರುವವರಿಗೆ 98, 127, 145. ನಿಮ್ಮ ಗುರುತು ಇದರಿಂದ ಒಂದೆರಡು ಸೆಂ.ಮೀ. ಆಚೀಚೆ ಇದ್ದರೆ ಸರಿ, ಹತ್ತು ಸೆಂ.ಮೀ. ತಪ್ಪಿದ್ದರೆ ಇನ್ನೊಮ್ಮೆ ಅಳೆಸಿ.

ಲೇಔಟನ್ನು ಒಬ್ಬರೇ ಓಡಿಸುತ್ತೀರಾ, ಮನೆಯಲ್ಲಿ ಇನ್ನೊಬ್ಬರೂ ಕೈಹಾಕುತ್ತಾರಾ? ಕೈಹಾಕುವ ಪ್ರತಿಯೊಬ್ಬರ ಮೊಣಕೈ ಗುರುತೂ ಬೇಕು. ಬರೀ ನೋಡಿ ಹೋಗುವವರದು ಬೇಡ. ಎತ್ತರ ಎಷ್ಟಿದ್ದರೂ ಅವರಿಗೆ ಹತ್ತು ನಿಮಿಷದ ಕೆಲಸ. ವಿದೇಶದ ಬೇಸ್‌ಮೆಂಟಿನಲ್ಲಿ ಕಟ್ಟುತ್ತಿರುವವರು ಅಲ್ಲಿ ಯಾವ ಪಾದರಕ್ಷೆ ಹಾಕಿರುತ್ತೀರೋ ಅದನ್ನೇ ಹಾಕಿಕೊಂಡು ಅಳೆಯಿರಿ. ಶೂ ಎರಡು-ಮೂರು ಸೆಂ.ಮೀ. ಏರಿಸುತ್ತದೆ. ನಿಂತುಕೊಳ್ಳಲು ರಬ್ಬರ್ ಮ್ಯಾಟ್ ಹಾಸುವ ಯೋಚನೆಯಿದ್ದರೆ ಅದರ ದಪ್ಪವೂ ಲೆಕ್ಕಕ್ಕೆ ಬರಬೇಕು.

ಹೆಜ್ಜೆ 2: ಎತ್ತರ ಅಂದರೆ ಹಳಿಯ ಎತ್ತರ

ಇಲ್ಲಿಂದ ಮುಂದೆ ನಾನು ಹೇಳುವ ಎತ್ತರವೆಲ್ಲ ಹಳಿಮಟ್ಟದ್ದು. ನೆಲದಿಂದ ಹಳಿಯ ಮೇಲ್ಭಾಗಕ್ಕೆ, ಅದೂ ನಿಮ್ಮ ಮುಖ್ಯ ಸ್ಟೇಷನ್ ಇರುವ ಜಾಗದಲ್ಲಿ. ಪ್ಲೈವುಡ್ಡಿನ ಎತ್ತರ ಹೇಳಿ ಕಟ್ಟಿಸಿದರೆ ಮೇಲೆ ಹಳಿಯಡಿಯ ಕಾರ್ಕ್ ಹಾಳೆ, ಸ್ಲೀಪರ್, ಹಳಿ ಎಲ್ಲ ಸೇರಿ ಒಂದು ಸೆಂ.ಮೀ. ಏರುತ್ತದೆ, ಎರಡು ಇಂಚಿನ ಫೋಮ್ ಹಾಸಿದರೆ ಆರು ಸೆಂ.ಮೀ. ಮಾಡ್ಯೂಲ್, ಅಂದರೆ ಒಬ್ಬೊಬ್ಬರು ಕಟ್ಟಿ ತಂದು ಒಟ್ಟಿಗೆ ಜೋಡಿಸುವ ಲೇಔಟಿನ ತುಂಡು, ಕಟ್ಟುವ ಸಂಘಗಳೂ ಹಳಿಮಟ್ಟವನ್ನೇ ನಿಯಮವಾಗಿ ಬರೆಯುತ್ತವೆ. ಎನ್ ಸ್ಕೇಲಿನ ಎನ್-ಟ್ರ್ಯಾಕ್‌ನಲ್ಲಿ 40 ಇಂಚು, ಯುರೋಪಿನ ಫ್ರೆಮೋದ ಎಚ್‌ಒ ಮಾಡ್ಯೂಲುಗಳಲ್ಲಿ 1300 ಮಿ.ಮೀ., ಅಮೆರಿಕದ ಫ್ರೀ-ಮೋದಲ್ಲಿ ಕನಿಷ್ಠ 50 ಇಂಚು. ಇಂಥ ಗುಂಪಿನ ಜೊತೆ ಸೇರಿ ಓಡಿಸುವ ಆಸೆಯಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಅವರ ಅಳತೆಯನ್ನೇ ಹಿಡಿಯಿರಿ. ಅಲ್ಲಿ ನಿಮ್ಮ ಮೊಣಕೈಯ ಮಾತು ನಡೆಯುವುದಿಲ್ಲ.

ಹೆಜ್ಜೆ 3: ಕಣ್ಣಿನ ಲೆಕ್ಕ

ಎತ್ತರ ಏರಿಸಿ ಎಂದು ಹೇಳುವವರ ವಾದದಲ್ಲಿ ಹುರುಳಿದೆ. ನಿಮ್ಮ ಕಣ್ಣು ಹಳಿಗಿಂತ ಎಷ್ಟು ಮೇಲಿದೆಯೋ ಅದನ್ನು 87ರಿಂದ ಗುಣಿಸಿ. 170 ಸೆಂ.ಮೀ.ನ ಮನುಷ್ಯ 80 ಸೆಂ.ಮೀ. ಹಳಿಮಟ್ಟದ ಲೇಔಟಿನ ಮುಂದೆ ನಿಂತರೆ ಕಣ್ಣು ಹಳಿಗಿಂತ 79 ಸೆಂ.ಮೀ. ಮೇಲಿರುತ್ತದೆ, ಅಂದರೆ ನಿಜದ ಲೋಕದಲ್ಲಿ 69 ಮೀಟರ್. ಇಪ್ಪತ್ತು ಮಹಡಿ ದಾಟಿದ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಸ್ಟೇಷನ್ ನೋಡಿದ ಹಾಗೆ. ಬೋಗಿಗಳ ತಾರಸಿ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ. ಎಂಜಿನ್ನಿನ ಮುಖಕ್ಕಿಂತ ಅದರ ನೆತ್ತಿಯೇ ನಿಮಗೆ ಹೆಚ್ಚು ಪರಿಚಯವಾಗುತ್ತದೆ. ಅದೇ ಮನುಷ್ಯನಿಗೆ 120 ಸೆಂ.ಮೀ. ಹಳಿಮಟ್ಟವಾದರೆ ನೋಟ 34 ಮೀಟರಿಗೆ ಇಳಿಯುತ್ತದೆ, 140 ಆದರೆ 17 ಮೀಟರಿಗೆ. ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತವನ ಕಣ್ಣು ಹಳಿಯಿಂದ ಸುಮಾರು 8 ಮೀಟರ್ ಎತ್ತರದಲ್ಲಿರುತ್ತದೆ ಅಂದುಕೊಂಡರೆ ಎಚ್‌ಒದಲ್ಲಿ ಅದು 9 ಸೆಂ.ಮೀ. ಪ್ಲಾಟ್‌ಫಾರಂ ಮೇಲೆ ನಿಂತವನದು ಮೂರು ಸೆಂ.ಮೀ. ಆಸುಪಾಸು.

ಎನ್ ಸ್ಕೇಲಿನಲ್ಲಿ ಗುಣಿಸಬೇಕಾದ್ದು 160ರಿಂದ. ಅದೇ 79 ಸೆಂ.ಮೀ. ಅಲ್ಲಿ 126 ಮೀಟರ್ ಆಗುತ್ತದೆ. ಆದರೆ ಎನ್ ಹವ್ಯಾಸಿಗಳಲ್ಲಿ ಎಷ್ಟೋ ಜನ ಆ ಸ್ಕೇಲು ಹಿಡಿದಿದ್ದೇ ಉದ್ದದ ರೈಲು ಬೆಟ್ಟಬಯಲಿನಲ್ಲಿ ಹಾದುಹೋಗುವುದನ್ನು ಮೇಲಿನಿಂದ ನೋಡಲು. ಅವರಿಗೆ ಇದು ದೋಷವೇ ಅಲ್ಲ.

ಕಣ್ಣಿನ ಮಟ್ಟಕ್ಕೆ ತೀರಾ ಹತ್ತಿರ ತಂದರೂ ತೊಂದರೆಯಿದೆ. ಮುಂದಿನ ಹಳಿಯಲ್ಲಿ ಒಂದು ಗೂಡ್ಸ್ ನಿಂತರೆ ಹಿಂದಿನದೆಲ್ಲ ಮಾಯ. ನಾಲ್ಕು ಲೈನಿನ ಯಾರ್ಡಿನಲ್ಲಿ ಯಾವ ವ್ಯಾಗನ್ ಯಾವ ಲೈನಿನಲ್ಲಿದೆ ಎಂದು ತಿಳಿಯಲು ತುದಿಗಾಲಲ್ಲಿ ನಿಲ್ಲಬೇಕು. ಹಳಿಯಲ್ಲಿರುವ ಸಣ್ಣ ಉಬ್ಬುತಗ್ಗು, ವಾರೆ ಕೂತ ಜಾಯಿಂಟು, ಮೇಲಿನಿಂದ ಕಾಣದಿದ್ದ ಎಲ್ಲ ದೋಷವೂ ಅಡ್ಡದಿಂದ ಎದ್ದು ಕಾಣುತ್ತದೆ. ನಲವತ್ತು ದಾಟಿ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕಕ್ಕೆ ಬಂದವರು ಇನ್ನೊಂದು ವಿಷಯ ಗಮನಿಸಬೇಕು. ಹತ್ತಿರದ್ದನ್ನು ಓದುವ ಪವರ್ ಇರುವುದು ಗಾಜಿನ ಕೆಳಭಾಗದಲ್ಲಿ. ಬೋಗಿಯ ನಂಬರ್ ಕಣ್ಣಿನ ನೇರಕ್ಕೇ ಇದ್ದರೆ ಅದನ್ನು ಓದಲು ಗದ್ದ ಎತ್ತಿ ತಲೆ ಹಿಂದಕ್ಕೆ ವಾಲಿಸಬೇಕು, ಸಂಜೆಯ ಹೊತ್ತಿಗೆ ಕತ್ತು ಹಿಡಿದಿರುತ್ತದೆ. ಅಂಥವರಿಗೆ ಎದೆಗಿಂತ ಕೆಳಗಿನ ಲೇಔಟೇ ಸುಖ.

ಹೆಜ್ಜೆ 4: ಕೈಯ ಲೆಕ್ಕ

ಎಲ್ಲರೂ ಆತುರದಲ್ಲಿ ದಾಟಿಹೋಗುವ, ಆಮೇಲೆ ಅನುಭವಿಸುವ ಹೆಜ್ಜೆ ಇದು. ಮಾಡೆಲ್ ರೈಲು ನೋಡುವ ಹವ್ಯಾಸ ಅನಿಸಿದರೂ ಕಟ್ಟುವ ವರ್ಷಗಳಲ್ಲಿ ನಡೆಯುವುದೆಲ್ಲ ಕೈಕೆಲಸ. ಹಳಿ ಉಜ್ಜುವುದು, ಪಾಯಿಂಟಿನ (ರೈಲನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ) ಸಂದಿಯ ಧೂಳು ತೆಗೆಯುವುದು, ಹಳಿತಪ್ಪಿದ ಬೋಗಿಯ ಚಕ್ರ ಕೂರಿಸುವುದು, ಬೋಗಿಗಳನ್ನು ಜೋಡಿಸುವ ಕಪ್ಲಿಂಗ್ ಬಿಡಿಸುವುದು, ಬ್ಯಾಲಸ್ಟ್ ಜಲ್ಲಿಗೆ ಅಂಟು ತೊಟ್ಟಿಕ್ಕಿಸುವುದು.

ಹಳಿತಪ್ಪಿದ ಬೋಗಿಯನ್ನು ಕೂರಿಸುವಾಗ ಕೈ ಏನು ಮಾಡುತ್ತದೆ ನೋಡಿ. ಎರಡು ಬೆರಳು ಬೋಗಿಯ ಎರಡು ಮಗ್ಗುಲು ಹಿಡಿದಿರುತ್ತವೆ, ಹೆಬ್ಬೆರಳು ಮೇಲಿಂದ ಹಗುರಾಗಿ ಒತ್ತುತ್ತದೆ, ಮುಂಗೈ ಯಾವುದಾದರೂ ಆಸರೆಗೆ ತಾಗಿರುತ್ತದೆ, ಕಣ್ಣು ಓರೆಯಾಗಿ ಚಕ್ರದ ಅಂಚನ್ನು ಹಳಿಯ ಒಳಮಗ್ಗುಲಿಗೆ ಹೊಂದಿಸುತ್ತದೆ. ಹಳಿ ಮೊಣಕೈಯ ಮಟ್ಟದಲ್ಲೋ ಒಂದಂಗೈ ಮೇಲೋ ಇದ್ದರೆ ಇದು ಒಂದು ಕ್ಷಣದ ಕೆಲಸ. ಹೆಗಲ ಮಟ್ಟಕ್ಕೆ ಹೋದರೆ ತೋಳು ಗಾಳಿಯಲ್ಲಿ ನಿಲ್ಲಬೇಕು. ಆಸರೆ ತಪ್ಪಿದ ಕೈ ನಡುಗುತ್ತದೆ, ಪಕ್ಕದ ಸಿಗ್ನಲ್ ಕಂಬ ಮುರಿಯುವುದು ಆಗಲೇ.

ಎಟುಕಿನ ವಿಷಯ ಇನ್ನೂ ಮುಖ್ಯ. ಲೇಔಟಿನ ಅಂಚು ಸೊಂಟದಿಂದ ಹೊಟ್ಟೆಯವರೆಗಿನ ಮಟ್ಟದಲ್ಲಿದ್ದರೆ ನೀವು ಸೊಂಟದಲ್ಲಿ ಬಾಗಿ ಇಡೀ ಮೈಯನ್ನು ಒಳಗೆ ಚಾಚಬಹುದು. ಅಂಚು ಎದೆಗೆ ಬಂದ ಕೂಡಲೇ ಬಾಗುವ ದಾರಿ ಮುಚ್ಚುತ್ತದೆ. ಆಮೇಲೆ ಸಿಗುವುದು ತೋಳಿನ ಉದ್ದ ಮಾತ್ರ. ಹೆಗಲಿನಿಂದ ಬೆರಳ ತುದಿಗೆ 170 ಸೆಂ.ಮೀ.ನವರಿಗೆ 75 ಸೆಂ.ಮೀ. ಇರಬಹುದು, ಅದರಲ್ಲಿ ಮರ, ಮನೆ, ವಿದ್ಯುತ್ ಕಂಬಗಳ ಮೇಲಿಂದ ಹಾಯಿಸಿ ಕೆಲಸಕ್ಕೆ ಬರುವುದು ಎಷ್ಟೋ ಕಡಿಮೆ. ಆದ್ದರಿಂದ ಎತ್ತರ ಹೆಚ್ಚಿದಷ್ಟೂ ಅಗಲ ಕಡಿಮೆಯಾಗಲೇಬೇಕು. ಒಂದೇ ಕಡೆಯಿಂದ ಕೈಹಾಕುವ ಲೇಔಟಾದರೆ 105 ಸೆಂ.ಮೀ. ಹಳಿಮಟ್ಟಕ್ಕೆ 60 ಸೆಂ.ಮೀ. ಅಗಲ ಸಾಕು, ಹಿಂದಿನ ಹತ್ತು ಸೆಂ.ಮೀ.ನಲ್ಲಿ ಬರೀ ಬೆಟ್ಟವಿದ್ದರೆ 70. 125ಕ್ಕೆ ಏರಿದರೆ 45. 140ಕ್ಕೆ 30–35 ಮೀರಿಸಬೇಡಿ. ಅಷ್ಟೆತ್ತರದಲ್ಲಿ ಅದು ಕಪಾಟಿನ ಹಲಗೆಯಷ್ಟೇ. 8×4 ಅಡಿಯ ಇಡೀ ಪ್ಲೈವುಡ್ ಹಾಳೆಯನ್ನು ಗೋಡೆಗೆ ಒತ್ತಿ 130ಕ್ಕೆ ಕೂರಿಸಿದರೆ ಹಿಂದಿನ ಅರ್ಧಕ್ಕೆ ಕೈ ಹೋಗುವುದಿಲ್ಲ, ಹಲ್ಲಿಯೇ ಹೋಗಬೇಕು.

ತೀರಾ ತಗ್ಗಿಸಿದರೆ ಇನ್ನೊಂದು ಪೀಡೆ. 75–80ರ ಮೇಜಿನ ಮೇಲೆ ಬಾಗಿದಾಗ ಅಂಗಿಯ ತೋಳು, ಸೆರಗು, ಕೊರಳಲ್ಲಿ ನೇತಾಡುವ ಐಡಿ ಕಾರ್ಡು ಮುಂದಿನ ಹಳಿಯ ರೈಲನ್ನು ಗುಡಿಸಿಕೊಂಡು ಹೋಗುತ್ತವೆ.

ಹೀಗೆ ಕೈ ಕೇಳುವ ಎತ್ತರ ಮೊಣಕೈಯಿಂದ ಶುರುವಾಗಿ ಅದರ ಮೇಲೆ 15 ಸೆಂ.ಮೀ. ತನಕ. ಶಂಟಿಂಗ್, ಅಂದರೆ ವ್ಯಾಗನ್ನುಗಳನ್ನು ಲೈನಿನಿಂದ ಲೈನಿಗೆ ಬದಲಿಸಿ ಜೋಡಿಸುವ ಕೆಲಸ, ಜಾಸ್ತಿ ಮಾಡುವವರು ಮೊಣಕೈಯ ಹತ್ತಿರವೇ ಇರಿ. ರೈಲು ಸುತ್ತು ಹೊಡೆಯುವುದನ್ನು ನೋಡುವವರು ಹದಿನೈದಕ್ಕೆ ಏರಿ. ಇಬ್ಬರು ಕೈಹಾಕುವ ಮನೆಯಲ್ಲಿ, ಒಬ್ಬರು 170, ಇನ್ನೊಬ್ಬರು 155 ಆದರೆ ಮೊಣಕೈಗಳು 107 ಮತ್ತು 98. ಅಲ್ಲಿ 105 ಒಳ್ಳೆಯ ರಾಜಿ. ಎತ್ತರದವರು ಸ್ವಲ್ಪ ಬಾಗಬಹುದು. ಕುಳ್ಳಗಿರುವವರಿಗೆ ಬೆಳೆಯಲು ಬರುವುದಿಲ್ಲ. ಹಾಗಾಗಿ ಗೊಂದಲವಿದ್ದಾಗ ಚಿಕ್ಕವರ ಕಡೆಗೆ ವಾಲಿ.

ಹೆಜ್ಜೆ 5: ಕುರ್ಚಿಯನ್ನು ಲೆಕ್ಕಕ್ಕೆ ತನ್ನಿ

ಈಗ ನಾಲ್ಕನೆಯ ಗುರುತು ಕೆಲಸಕ್ಕೆ ಬರುತ್ತದೆ. 45 ಸೆಂ.ಮೀ. ಎತ್ತರದ ಸಾಧಾರಣ ಕುರ್ಚಿಯಲ್ಲಿ ಕೂತ 170 ಸೆಂ.ಮೀ. ಮನುಷ್ಯನ ಕಣ್ಣು ನೆಲದಿಂದ ಸುಮಾರು 120 ಸೆಂ.ಮೀ. ಮೇಲಿರುತ್ತದೆ. ಹಳಿಮಟ್ಟ 105 ಆದರೆ ಕಣ್ಣಿಗೂ ಹಳಿಗೂ ಅಂತರ 15 ಸೆಂ.ಮೀ., ಅಂದರೆ 13 ಮೀಟರ್. ನಿಂತು ನೋಡುವವರು ಇದೇ ನೋಟಕ್ಕೆ ಹಳಿಯನ್ನು 144ಕ್ಕೆ ಏರಿಸಬೇಕು, ಹೆಗಲಿಗಿಂತ ಮೇಲೆ! ಕುರ್ಚಿ ಎಳೆದುಕೊಂಡರೆ ಕೈಯ ಸುಖ ಬಿಡದೆಯೇ ಅದು ಸಿಗುತ್ತದೆ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಾದರೆ ಇನ್ನೂ ಒಳ್ಳೆಯದು, ಕಣ್ಣನ್ನು ಬೇಕಾದಷ್ಟು ಏರಿಳಿಸಬಹುದು.

ಯಾರ್ಡಿನ ಕೆಲಸ ನಿಂತು, ಮೇಲಿಂದ ನೋಡುತ್ತಾ. ಎಕ್ಸ್‌ಪ್ರೆಸ್ ಓಡುವಾಗ ಕೂತು, ಅಡ್ಡದಿಂದ ನೋಡುತ್ತಾ. ನಿಮ್ಮ ಮುಖ್ಯ ಹವ್ಯಾಸ ಒಂದು ಗಂಟೆ ಕೂತು ರೈಲು ನೋಡುವುದಾಗಿದ್ದರೆ ಈ ಹೊಂದಾಣಿಕೆಗೆ ಸಾಟಿಯಿಲ್ಲ. ಆದರೆ ರೈಲಿನ ಜೊತೆಗೇ ಕೋಣೆ ಸುತ್ತಿ ನಡೆಯುತ್ತಾ, ಟೈಮ್‌ಟೇಬಲ್ ಹಿಡಿದು ಸ್ನೇಹಿತರೊಂದಿಗೆ ಓಡಿಸುವವರಿಗೆ ಕುರ್ಚಿ ಅಡ್ಡಿ. ಓಣಿಯಲ್ಲಿ ಕುರ್ಚಿಯಿಟ್ಟರೆ ಇನ್ನೊಬ್ಬರು ದಾಟಲಾರರು. ಅವರು 30–45 ಸೆಂ.ಮೀ. ಅಗಲದ ಹಲಗೆಯನ್ನು 120–130ಕ್ಕೆ ಕಟ್ಟಿಕೊಳ್ಳುವುದೇ ಸರಿ. ಫ್ರೆಮೋದವರು 1300 ಮಿ.ಮೀ. ಇಟ್ಟುಕೊಂಡಿರುವುದಕ್ಕೆ ಅರ್ಥವಿದೆ: ಅವರ ಮಾಡ್ಯೂಲುಗಳು ಕಿರಿದು, ಜನ ರೈಲಿನ ಜೊತೆ ನಡೆಯುತ್ತಾರೆ. ನಾವು ಅವರ ಎತ್ತರವನ್ನು ಮಾತ್ರ ಎರವಲು ತಂದು ಅಗಲವನ್ನು ಮರೆಯುತ್ತೇವೆ.

ಹಾಗೆಯೇ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂನಂಥ ಜಾಗ ನೋಡಿಬಂದು ಅದೇ ರೀತಿ ಕಟ್ಟಬೇಕೆಂದು ಹೊರಡುವವರೂ ಇದ್ದಾರೆ. 1998ರಿಂದ ನಡೆಯುತ್ತಿರುವ ಆ ಎಚ್‌ಒ ಲೇಔಟ್ ನೋಡಲೇಬೇಕಾದ್ದು. ಆದರೆ ಗುಂಪು ಗುಂಪಾಗಿ ಜನ ಸುತ್ತ ನಿಂತು ನೋಡುವ ಪ್ರದರ್ಶನದ ಲೆಕ್ಕ ಬೇರೆ, ಒಬ್ಬಿಬ್ಬರ ಮನೆಯ ಕೋಣೆಯ ಲೆಕ್ಕ ಬೇರೆ.

ಹೆಜ್ಜೆ 6: ಕೋಣೆ ಏನು ಹೇಳುತ್ತದೆ?

ಟೇಪು ಹಿಡಿದು ಕೋಣೆಯ ನಾಲ್ಕೂ ಗೋಡೆ ಸುತ್ತಿ. ನಮ್ಮ ಕಡೆಯ ಮನೆಗಳಲ್ಲಿ ಸ್ವಿಚ್‌ಬೋರ್ಡು ಸಾಮಾನ್ಯವಾಗಿ ನಾಲ್ಕರಿಂದ ನಾಲ್ಕೂವರೆ ಅಡಿಯಲ್ಲಿ, ಅಂದರೆ 120–135 ಸೆಂ.ಮೀ.ನಲ್ಲಿ ಇರುತ್ತದೆ. 130ರ ಲೇಔಟ್ ಸೀದಾ ಅದಕ್ಕೇ ಹೋಗಿ ಬಡಿಯುತ್ತದೆ. 105ರದು ಅದರ ಕೆಳಗೆ ನುಸುಳುತ್ತದೆ, ಆದರೆ ಸ್ವಿಚ್ಚಿನ ಮುಂದೆ ಬೆಟ್ಟ ಕಟ್ಟಬೇಡಿ. ಕಿಟಕಿಯ ಕಟ್ಟೆ ಮೂರಡಿ ಆಸುಪಾಸು; ಬಾಗಿಲು ಒಳಗೆ ತೆರೆಯುವ ಹಳೇ ಕಿಟಕಿಯಾದರೆ ಲೇಔಟ್ ಅದಕ್ಕೆ ಅಡ್ಡ ಬಂದು ಮಳೆಗಾಲದಲ್ಲಿ ಮುಚ್ಚಲಾಗದೆ ಒದ್ದಾಡುತ್ತೀರಿ. ಹೊರಕ್ಕೆ ತೆರೆಯುವುದು ಅಥವಾ ಸ್ಲೈಡಿಂಗ್ ಇದ್ದರೆ ಚಿಂತೆಯಿಲ್ಲ.

ಫ್ಯಾನು ಮತ್ತು ದೀಪ. ದೀಪ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ ರೆಕ್ಕೆಯ ನೆರಳು ಲೇಔಟಿನ ಮೇಲೆ ಸುತ್ತುತ್ತಲೇ ಇರುತ್ತದೆ, ಪುಟ್ಟ ಊರಿನ ಮೇಲೆ ಸಿನಿಮಾ ಪ್ರೊಜೆಕ್ಟರ್ ಬಿಟ್ಟ ಹಾಗೆ. ಎಲ್‌ಇಡಿ ಪಟ್ಟಿಯನ್ನು ಲೇಔಟಿನ ಮುಂದಿನ ಅಂಚಿನ ನೇರಕ್ಕೆ, ರೆಕ್ಕೆಗಿಂತ ಕೆಳಗೆ ಕಟ್ಟಿ. ಅದನ್ನು ಮರೆಮಾಡುವ ಹಲಗೆ ಮನೆಯ ಅತಿ ಎತ್ತರದವರ ತಲೆಗೆ ತಾಗದ ಹಾಗಿರಲಿ. 105ರ ಲೇಔಟಿಗೆ ಇದೆಲ್ಲ ಸಲೀಸು; 140ಕ್ಕೆ ಏರಿದರೆ ದೀಪಕ್ಕೂ ಮರದ ತುದಿಗೂ ನಡುವೆ ಜಾಗ ಸಾಲದೆ ಬೆಳಕು ತೇಪೆ ತೇಪೆಯಾಗಿ ಬೀಳುತ್ತದೆ.

ಬಾಡಿಗೆ ಮನೆಯೇ? ಹಾಗಿದ್ದರೆ ಗೋಡೆಗೆ ಡ್ರಿಲ್ ಹಾಕಲು ಓನರ್ ಒಪ್ಪುತ್ತಾರೋ ಇಲ್ಲವೋ ಮೊದಲು ಕೇಳಿ. ಒಪ್ಪದಿದ್ದರೆ ಲೇಔಟ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. 45 ಸೆಂ.ಮೀ. ಅಗಲದ ಹಲಗೆಯನ್ನು 130ಕ್ಕೆ ನಿಲ್ಲಿಸಿ ಗೋಡೆಗೆ ಬಿಗಿಯದಿದ್ದರೆ ಮಗು ಅಂಚು ಹಿಡಿದು ಜೋತುಬಿದ್ದಾಗ ಮುಂದಕ್ಕೆ ವಾಲುತ್ತದೆ. ಬಾಡಿಗೆಯವರಿಗೆ ತಗ್ಗು ಮತ್ತು ಅಗಲವೇ ಕ್ಷೇಮ.

ಕೆಳಗೆ ಏನಿಡುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿ. 75–80 ಸೆಂ.ಮೀ.ನ ಪುಸ್ತಕದ ರ‍್ಯಾಕ್ 105ರ ಲೇಔಟಿನ ಕೆಳಗೆ ಹೊಕ್ಕು ಮೇಲೆ ವೈರಿಂಗಿಗೂ ಜಾಗ ಉಳಿಯುತ್ತದೆ. ಆದರೆ ಉದ್ದಕ್ಕೂ ರ‍್ಯಾಕ್ ತುಂಬಿಸಿದರೆ ಕೂತಾಗ ಮೊಣಕಾಲು ಎಲ್ಲಿಡುತ್ತೀರಿ? ಕೂರುವ ಜಾಗದಲ್ಲಿ ಎರಡೂವರೆ ಅಡಿ ಖಾಲಿ ಬಿಡಿ. ನೆಲ ಒರೆಸುವ ಮಾಪ್ ಗೋಡೆಯವರೆಗೂ ಹೋಗುವಂತಿದ್ದರೆ ಮನೆಯಲ್ಲಿ ಲೇಔಟಿನ ಆಯಸ್ಸು ಹೆಚ್ಚುತ್ತದೆ.

ಹೆಜ್ಜೆ 7: ಕಟ್ಟುವ ಮೊದಲು ಒಂದು ವಾರ ನಾಟಕ ಆಡಿ

ಒಂದು ಹಲಗೆ, ಒಂದೆರಡು ಮೀಟರ್ ಹಳಿ, ಒಂದು ಎಂಜಿನ್, ನಾಲ್ಕು ವ್ಯಾಗನ್. ಹಲಗೆಯ ಅಡಿಗೆ ರಟ್ಟಿನ ಪೆಟ್ಟಿಗೆ, ಪೇಂಟ್ ಡಬ್ಬ, ಹಳೇ ಪುಸ್ತಕ ಏನು ಸಿಕ್ಕಿತೋ ಅದನ್ನಿಟ್ಟು 90, 105, 120, 130 ಹೀಗೆ ಎತ್ತರ ಬದಲಿಸಿ ನೋಡಿ. ಇಸ್ತ್ರಿ ಬೋರ್ಡು ಮನೆಯಲ್ಲಿದ್ದರೆ ಕೆಳಗಿನ ಎತ್ತರಗಳಿಗೆ ಅದೇ ಸಾಕು. ಅಡುಗೆಮನೆಯ ಕಟ್ಟೆ 32–34 ಇಂಚು ಇರುತ್ತದೆ; ಅದರ ಮೇಲೆ ಒಂದು ಪೆಟ್ಟಿಗೆಯಿಟ್ಟರೆ ಲೇಔಟಿನ ಎತ್ತರ ಸಿದ್ಧ, ಆದರೆ ಇದನ್ನು ಅಡುಗೆಯ ಹೊತ್ತಿನಲ್ಲಿ ಮಾಡಲು ಹೋಗಬೇಡಿ.

ಪ್ರತಿ ಎತ್ತರದಲ್ಲೂ ಇದಿಷ್ಟು ಮಾಡಿ. ಹಲಗೆಯ ಹಿಂದಿನ ಅಂಚಿನಲ್ಲಿ ಬೋಗಿಯನ್ನು ಹಳಿತಪ್ಪಿಸಿ, ಮುಂದೆ ಒಂದು ಬಾಟಲಿಯನ್ನು ಕಟ್ಟಡ ಎಂದು ನಿಲ್ಲಿಸಿ, ಅದನ್ನು ಬೀಳಿಸದೆ ಬೋಗಿಯನ್ನು ಮತ್ತೆ ಕೂರಿಸಿ. ಬಿದಿರು ಕಡ್ಡಿಯಿಂದ ಕಪ್ಲಿಂಗ್ ಬಿಡಿಸಿ. ಬೋಗಿಯ ನಂಬರ್ ಓದಿ, ದಿನಾ ಹಾಕುವ ಕನ್ನಡಕದಲ್ಲೇ. ನಿಂತು ಇಪ್ಪತ್ತು ನಿಮಿಷ ಓಡಿಸಿ, ಕೂತು ಇಪ್ಪತ್ತು ನಿಮಿಷ ಓಡಿಸಿ. ಇದನ್ನು ಭಾನುವಾರ ಬೆಳಿಗ್ಗೆ ಮಾಡಿದರೆ ಎಲ್ಲ ಎತ್ತರವೂ ಚೆನ್ನಾಗಿಯೇ ಕಾಣುತ್ತದೆ. ಕೆಲಸ ಮುಗಿಸಿ ಬಂದ ಸಂಜೆ ಮಾಡಿ, ಆಗ ಬೆನ್ನು ಸುಳ್ಳು ಹೇಳುವುದಿಲ್ಲ.

ಹಲಗೆಯ ಕೆಳಗೂ ಒಮ್ಮೆ ಕೂತು ನೋಡಿ. ಪಾಯಿಂಟ್ ಮೋಟರ್ ಬಿಗಿಯುವುದು, ವೈರಿಗೆ ಸೋಲ್ಡರ್ ಹಾಕುವುದು ಅಲ್ಲೇ. 30 ಸೆಂ.ಮೀ.ನ ಗಾಲಿ ಸ್ಟೂಲಿನ ಮೇಲೆ ಕೂತವರ ನೆತ್ತಿ 115–118 ಸೆಂ.ಮೀ. ಮುಟ್ಟುತ್ತದೆ. 130ರ ಲೇಔಟಿನ ಏಕೈಕ ದೊಡ್ಡ ಸುಖ ಇದು: ಕೆಳಗೆ ನೆಟ್ಟಗೆ ಕೂತು ಕೆಲಸ ಮಾಡಬಹುದು. 105ರಲ್ಲಿ ತಲೆ ಬಗ್ಗಿಸಬೇಕು ಅಥವಾ ಚಾಪೆಯ ಮೇಲೆ ಕೂರಬೇಕು. ನೆತ್ತಿಯ ಮೇಲೆ ಕಾದ ಸೋಲ್ಡರ್ ಹಿಡಿಯುವುದು ಯಾವ ಎತ್ತರದಲ್ಲೂ ಅಪಾಯವೇ, ಕಣ್ಣಿಗೆ ಗಾಗಲ್ ಇಲ್ಲದೆ ಮಾಡಬೇಡಿ. ತಗ್ಗಿನ ಲೇಔಟಿನವರು ಇಡೀ ಲೇಔಟನ್ನು ಬಿಡಿಸಬಹುದಾದ ತುಂಡುಗಳಾಗಿ ಕಟ್ಟಿ, ತುಂಡನ್ನು ಮಗ್ಗುಲಾಗಿ ನಿಲ್ಲಿಸಿಕೊಂಡು ವೈರಿಂಗ್ ಮಾಡಿದರೆ ಕೆಳಗೆ ನುಸುಳುವ ಕಷ್ಟವೇ ಇಲ್ಲ.

ಹೆಜ್ಜೆ 8: ನಿಮ್ಮ ಲೇಔಟಿಗೆ ಮಾತ್ರ ಬೇಕಾದ ತಿದ್ದುಪಡಿ

ಘಟ್ಟದ ಲೇಔಟ್ ಕಟ್ಟುವವರಿಗೆ ಒಂದು ಉಪಾಯ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳ ಹಾದಿಯನ್ನೋ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟನ್ನೋ ಮನಸ್ಸಿನಲ್ಲಿಟ್ಟುಕೊಂಡವರು ಹಳಿಯನ್ನು ಏರಿಸುತ್ತಾ ಹೋಗಿ ಬೆಟ್ಟ ಮಾಡಲು ಹೊರಡುತ್ತಾರೆ. ಲೆಕ್ಕ ಹಾಕಿ ನೋಡಿ. ಸಕಲೇಶಪುರ ಘಟ್ಟದ 1:50 ಏರಿನಲ್ಲಿ 20 ಸೆಂ.ಮೀ. ಮೇಲೆ ಹೋಗಲು 10 ಮೀಟರ್ ಹಳಿ ಬೇಕು. ಬ್ರಗಾಂಜಾದ 1:37ರಲ್ಲಿ ಹೋದರೂ ಏಳೂವರೆ ಮೀಟರ್ ತಿನ್ನುತ್ತದೆ. ಹತ್ತಡಿಯ ಕೋಣೆಯಲ್ಲಿ ಅದೆಲ್ಲಿಂದ ಬಂತು? ಹಳಿಯನ್ನು ಅಲ್ಲೇ ಬಿಟ್ಟು ನೆಲವನ್ನು ಇಳಿಸಿ. ಸಮತಟ್ಟು ಪ್ಲೈವುಡ್ ಹಾಸುವ ಬದಲು ರೀಪರ್ ಚೌಕಟ್ಟು ಕಟ್ಟಿ, ಹಳಿಯ ಅಡಿಗೆ ಮಾತ್ರ ಪ್ಲೈ ಪಟ್ಟಿ ಕೊಟ್ಟು, ಮುಂದಿನ ಕಣಿವೆಯನ್ನು 20–25 ಸೆಂ.ಮೀ. ಕೆಳಗೆ ಇಳಿಯಬಿಡಿ. ಹಳಿಮಟ್ಟ 110ರಲ್ಲೇ ಇರುತ್ತದೆ, ಕೈಗೆ ಸಿಗುತ್ತದೆ. ಕೂತು ನೋಡಿದರೆ ಕಂಬದ ಸೇತುವೆಯ ಕಾಲುಗಳು ಕಣಿವೆಯಿಂದ ಎದ್ದು ಬಂದ ಹಾಗೆ ಕಾಣುತ್ತವೆ.

ಎರಡು ಅಂತಸ್ತಿನ ಲೇಔಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೊದಲ ಲೇಔಟಿಗೆ ನಾನಂತೂ ಬೇಡ ಅನ್ನುತ್ತೇನೆ. ಕೆಳಗಿನದು 95, ಮೇಲಿನದು 140 ಅಂತ ಇಟ್ಟರೆ ಎರಡೂ ರಾಜಿಯೇ. ಒಂದರಿಂದ ಇನ್ನೊಂದಕ್ಕೆ ರೈಲು ಹತ್ತಿಸುವ ಸುರುಳಿ ದಾರಿ, 60 ಸೆಂ.ಮೀ. ತ್ರಿಜ್ಯದ್ದು, ಸುತ್ತಿಗೆ 10 ಸೆಂ.ಮೀ. ಏರಿದರೆ ಶೇ. 2.7ರ ಏರಾಗುತ್ತದೆ. 45 ಸೆಂ.ಮೀ. ಹತ್ತಲು ನಾಲ್ಕೂವರೆ ಸುತ್ತು, ಹದಿನೇಳು ಮೀಟರ್ ಹಳಿ, ಕೋಣೆಯ ಒಂದು ಮೂಲೆ ಪೂರ್ತಿ ಅದಕ್ಕೇ.

ಬಾಗಿಲಿಗೆ ಅಡ್ಡವಾಗಿ ಲೇಔಟ್ ಹಾದುಹೋದರೆ ಕೆಳಗೆ ನುಸುಳಿ ಒಳಗೆ ಹೋಗಬಹುದು ಎಂದು ಎಲ್ಲರೂ ಹೇಳುತ್ತಾರೆ. 105ರ ಲೇಔಟಿನ ಕೆಳಗೆ ನುಸುಳುವುದೆಂದರೆ ಹೆಚ್ಚುಕಡಿಮೆ ಅಂಬೆಗಾಲು. ಎತ್ತಿಡುವ ಹಲಗೆಯೋ ಗೇಟಿನ ಹಾಗೆ ತೆರೆಯುವ ತುಂಡೋ ಮಾಡಿ. ಇವತ್ತು ಬಾಗುವ ಮಂಡಿ ಹತ್ತು ವರ್ಷದ ಮೇಲೂ ಬಾಗುತ್ತದೆ ಎಂಬ ನಂಬಿಕೆಯ ಮೇಲೆ ಲೇಔಟ್ ಕಟ್ಟಬಾರದು.

ಮಕ್ಕಳಿಗಾಗಿ ಇಡೀ ಲೇಔಟನ್ನು ತಗ್ಗಿಸಬೇಡಿ, ಅವರು ಬೆಳೆಯುತ್ತಾರೆ. 105–110 ಸೆಂ.ಮೀ. ಇರುವ ಐದು ವರ್ಷದ ಮಗುವಿನ ಕಣ್ಣು 98–103ರಲ್ಲಿರುತ್ತದೆ; 25 ಸೆಂ.ಮೀ.ನ ಅಗಲ ಪಾದದ, ಜಾರದ ಕಾಲುಮಣೆ ಕೊಟ್ಟರೆ 105ರ ಹಳಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅಂಚಿನಲ್ಲಿ ಹತ್ತು ಸೆಂ.ಮೀ. ಅಕ್ರಿಲಿಕ್ ಹಾಳೆ ನಿಲ್ಲಿಸಿದರೆ ಪುಟ್ಟ ಕೈಯಿಂದ ರೈಲಿಗೂ, ನೆಲದಿಂದ ಎಂಜಿನ್ನಿಗೂ ರಕ್ಷಣೆ. ಗಾಲಿಕುರ್ಚಿ ಬಳಸುವವರಿಗೆ ಮಾತ್ರ ಲೆಕ್ಕ ಕೆಳಗಿನಿಂದ ಶುರುವಾಗಬೇಕು. ಮೊಣಕಾಲು ಒಳಹೋಗಲು ಚೌಕಟ್ಟಿನ ಅಡಿ ಸುಮಾರು 70 ಸೆಂ.ಮೀ. ಖಾಲಿ ಬಿಟ್ಟು, ಮೇಲೆ ಚೌಕಟ್ಟಿನ ದಪ್ಪ ಕೂಡಿಸಿ. ಹಳಿಮಟ್ಟ 80–85ರಲ್ಲಿ ಬರುತ್ತದೆ, ಅಗಲವನ್ನು 45ರೊಳಗೆ ಹಿಡಿಯಿರಿ.

ಹೆಜ್ಜೆ 9: ಕಾಲು ಕತ್ತರಿಸುವ ಲೆಕ್ಕ

ಈಗ ಹಳಿಮಟ್ಟ ಗೊತ್ತಾಗಿದೆ, 105 ಅಂದುಕೊಳ್ಳೋಣ. ಮೇಲಿನಿಂದ ಕೆಳಕ್ಕೆ ಕಳೆಯುತ್ತಾ ಬನ್ನಿ. ಹಳಿ ಮತ್ತು ಸ್ಲೀಪರ್ 0.5 ಸೆಂ.ಮೀ., ಕಾರ್ಕ್ 0.5, 12 ಮಿ.ಮೀ. ಪ್ಲೈ 1.2, ರೀಪರ್ ಚೌಕಟ್ಟು 7.5. ಒಟ್ಟು 9.7. ಉಳಿದ 95.3 ಸೆಂ.ಮೀ. ಕಾಲಿನ ಉದ್ದ, ತಿರುಗಿಸುವ ಬೋಲ್ಟ್ ಪಾದವೂ ಸೇರಿ. ಪಾದಕ್ಕೆ ಮೂರು ಸೆಂ.ಮೀ. ಬಿಟ್ಟರೆ ಬಡಗಿಗೆ ಹೇಳಬೇಕಾದ್ದು 92.3. ಇದನ್ನು ಕಾಗದದ ಮೇಲೆ ಚಿತ್ರ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮತ್ತೆ ಎರಡೂವರೆ ಅಡಿಗೇ ಬಂದು ನಿಲ್ಲುತ್ತದೆ.

ಮರದ ಕಾಲಿಗಿಂತ ನನಗೆ ಇಷ್ಟ ಸ್ಲಾಟೆಡ್ ಆ್ಯಂಗಲ್, ಗೋಡೌನ್ ರ‍್ಯಾಕುಗಳಿಗೆ ಬಳಸುವ ತೂತು ತೂತಿನ ಕಬ್ಬಿಣದ ಪಟ್ಟಿ. ಹಾರ್ಡ್‌ವೇರ್ ಬೀದಿಯ ಯಾವ ರ‍್ಯಾಕ್ ಅಂಗಡಿಯಲ್ಲೂ ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. 120 ಸೆಂ.ಮೀ. ಉದ್ದದ್ದನ್ನು ತಂದು ಚೌಕಟ್ಟನ್ನು ಬೇಕಾದ ತೂತಿಗೆ ನಟ್ಟು-ಬೋಲ್ಟ್ ಹಾಕಿದರೆ ನಾಳೆ ಎತ್ತರ ಬದಲಿಸಲು ಗರಗಸ ಬೇಡ. ಮೇಲೆ ಉಳಿಯುವ ತುದಿ ಹಿಂದಿನ ಸಾಲಿನಲ್ಲಿ ಹಿನ್ನೆಲೆ ಚಿತ್ರದ ಹಲಗೆಗೆ ಆಧಾರವಾಗುತ್ತದೆ. ಮುಂದಿನ ಸಾಲಿನಲ್ಲಿ ಎತ್ತರ ಖಚಿತವಾದ ಮೇಲೆ ಕತ್ತರಿಸಿ, ಅಂಚು ಉಜ್ಜಿ, ಪ್ಲಾಸ್ಟಿಕ್ ಟೋಪಿ ಹಾಕಿ. ಗೆದ್ದಲಿನ ಕಾಟ ಇರುವ ಊರುಗಳಲ್ಲಿ ಕಬ್ಬಿಣದ ಕಾಲಿನಿಂದ ಇನ್ನೊಂದು ನೆಮ್ಮದಿ. ಅಡ್ಡಪಟ್ಟಿ ಮತ್ತು ಮೂಲೆಗೆ ಓರೆಪಟ್ಟಿ ಹಾಕದಿದ್ದರೆ ಇಡೀ ಲೇಔಟ್ ತೂಗುತ್ತದೆ, ಅದನ್ನು ಉಳಿತಾಯ ಮಾಡಬೇಡಿ.

ನೆಲ ಸಮವಾಗಿದೆ ಎಂದು ನಂಬಬೇಡಿ. ತಾರಸಿಯ ಕೋಣೆ, ಮುಚ್ಚಿಸಿಕೊಂಡ ಬಾಲ್ಕನಿಗಳಲ್ಲಿ ನೀರು ಹರಿಯಲೆಂದೇ ಇಳಿಜಾರು ಕೊಟ್ಟಿರುತ್ತಾರೆ. ಎರಡಡಿಯ ರಸಮಟ್ಟ ಇಟ್ಟು ಹತ್ತಡಿ ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪ್ ತನ್ನಿ. ಗುಳ್ಳೆಯಿಲ್ಲದ ಹಾಗೆ ನೀರು ತುಂಬಿ, ಕೋಣೆಯ ಅತಿ ಎತ್ತರದ ನೆಲ ಎಲ್ಲಿದೆಯೋ ಅಲ್ಲಿಂದ 105 ಸೆಂ.ಮೀ. ಅಳೆದು ಗುರುತು ಹಾಕಿ, ಆ ಮಟ್ಟವನ್ನು ಪೈಪಿನ ನೀರು ತೋರಿಸಿದಂತೆ ನಾಲ್ಕೂ ಗೋಡೆಗೆ ಸಾಗಿಸಿ, ಪೆನ್ಸಿಲ್ ಗೆರೆ ಎಳೆಯಿರಿ. ಇನ್ನು ಮುಂದೆ ನೆಲದ ಸಹವಾಸ ಬೇಡ, ಎಲ್ಲ ಅಳತೆಯೂ ಆ ಗೆರೆಯಿಂದಲೇ. ಪಾದದ ಬೋಲ್ಟು ತಿರುಗಿಸುತ್ತಾ ಚೌಕಟ್ಟನ್ನು ಗೆರೆಗೆ ತನ್ನಿ. ಶೇ. 1ರ ಓರೆ ಉಳಿದರೂ ಬಿಟ್ಟ ವ್ಯಾಗನ್ ತಾನಾಗಿ ಯಾರ್ಡಿನಿಂದ ಹೊರಟುಬಿಡುತ್ತದೆ.

ಕಂಟ್ರೋಲರ್, ಪಾಯಿಂಟ್ ಸ್ವಿಚ್ಚುಗಳು ಮುಂದಿನ ಪಟ್ಟಿಯಲ್ಲಿ, ಹಳಿಮಟ್ಟಕ್ಕಿಂತ ಹತ್ತು ಸೆಂ.ಮೀ. ಕೆಳಗೆ ಬರಲಿ, ಮತ್ತು ಪಟ್ಟಿಯೊಳಗೆ ಹುದುಗಿರಲಿ. ಹೊರಗೆ ಚಾಚಿದ ಸ್ವಿಚ್ಚನ್ನು ನಿಮ್ಮ ಹೊಟ್ಟೆಯೇ ಒತ್ತಿ ರೈಲನ್ನು ತಪ್ಪು ಲೈನಿಗೆ ಕಳಿಸುತ್ತದೆ.

ಈಗಾಗಲೇ ಕಟ್ಟಿ ಆಗಿದ್ದರೆ

ತಗ್ಗಿನ ಲೇಔಟನ್ನು ಏರಿಸುವುದು ಸುಲಭ. ಮರದ ಪ್ರತಿ ಕಾಲಿನ ಮಗ್ಗುಲಿಗೂ 30 ಸೆಂ.ಮೀ. ಮೇಲೆ ಹೊಂದಿಕೊಳ್ಳುವಂತೆ ಆ್ಯಂಗಲ್ ತುಂಡು ಎರಡು-ಮೂರು ಬೋಲ್ಟಿನಲ್ಲಿ ಬಿಗಿದು ಕೆಳಕ್ಕೆ ಚಾಚಿಸಿದರೆ 75 ಇದ್ದದ್ದು 100 ಆಗುತ್ತದೆ. ಬೋಗಿಗಳನ್ನೆಲ್ಲ ತೆಗೆದಿಟ್ಟು, ನಾಲ್ಕು ಜನ ಒಂದೊಂದು ಮೂಲೆ ಹಿಡಿದು ಒಟ್ಟಿಗೆ ಎತ್ತಿ. ಒಂದು ಮೂಲೆಯನ್ನು ಮಾತ್ರ ಎತ್ತಿದರೆ ಚೌಕಟ್ಟು ತಿರುಚಿ ಹಳಿಯ ಜಾಯಿಂಟುಗಳು ಬಿಡುತ್ತವೆ. ಇಟ್ಟಿಗೆ ಮೇಲೆ ಕೂರಿಸುವುದು ಎರಡು ದಿನದ ಪರೀಕ್ಷೆಗೆ ಸರಿ, ಅಲ್ಲೇ ಬಿಟ್ಟರೆ ಒಂದು ದಿನ ಜಾರುತ್ತದೆ. ಏರಿಸಲು ಆಗದಿದ್ದರೆ ಕುರ್ಚಿಯನ್ನು ಇಳಿಸಿ. 75ರ ಮೇಜಿನ ಮುಂದೆ ಮಣೆ ಹಾಕಿ ಕೂತವರ ಕಣ್ಣು 85ರ ಆಸುಪಾಸಿಗೆ ಬರುತ್ತದೆ. ನೋಟ ಚೆನ್ನಾಗಿರುತ್ತದೆ, ಯಾರ್ಡಿನ ಕೆಲಸ ಮಾತ್ರ ಬಾಗಿಯೇ ಮಾಡಬೇಕು.

ಎತ್ತರದ್ದನ್ನು ಇಳಿಸುವಾಗ ಕಾಲು ಕತ್ತರಿಸುವ ಮೊದಲು ಮುಂದೆ ಒಂದು ಗಟ್ಟಿ ಹಲಗೆಯ ಮೆಟ್ಟಿಲು, 15 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ, ಲೇಔಟಿನ ಉದ್ದಕ್ಕೂ ಇಟ್ಟು ಒಂದು ತಿಂಗಳು ನೋಡಿ. ಅಷ್ಟರಲ್ಲೇ ಸಮಾಧಾನವಾದರೆ ಮರಕ್ಕೆ ಗರಗಸ ಹಾಕುವ ಅಗತ್ಯವಿಲ್ಲ.